ಕತ್ತಲೆಕಾನಿಗೆ ಹೋಗುವವರೇ, ಜೋಗದ ಹತ್ತಿರ ರೂಮು ಮಾಡಬೇಡಿ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗು ಕಾಡು ನೋಡಲು ಹೋಗಿದ್ದೆವು. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಜೋಗದ ಹತ್ತಿರ ಒಂದು ಕಡೆ ಉಳಿದೆವು. ಫೋನಿನಲ್ಲಿ ಹೇಳಿದ್ದು ಒಂದು ರೇಟು, ಬಾಗಿಲಲ್ಲಿ ನಿಂತಾಗ ‘ವೀಕೆಂಡ್ ಅಲ್ವಾ ಸಾರ್’ ಅಂತ ಕೇಳಿದ್ದು ಅದರ ಡಬಲ್. ಬಕೆಟ್ ಬಿಸಿನೀರಿಗೂ ಬೇರೆ ಚಾರ್ಜು! ಗೋಡೆ ತುಂಬ ಬೂಷ್ಟು, ಹೊದಿಕೆ ಹಸಿಹಸಿ, ಪಕ್ಕದ ರೂಮಿನಲ್ಲಿ ನಡುರಾತ್ರಿ ದಾಟಿದರೂ ಸ್ಪೀಕರ್. ಗದ್ದಲ ನನಗಂತೂ ಆಗಿಬರುವುದಿಲ್ಲ.

ನೀವು ಸಿದ್ದಾಪುರದಲ್ಲೇ ಉಳಿಯಿರಿ. ಅಲ್ಲೊಂದು ಬೋರ್ಡಿಲ್ಲದ ಪುಟ್ಟ ಹೋಟೆಲಿನಲ್ಲಿ ಬೆಳಿಗ್ಗೆ ತೆಳ್ಳೇವು ಅನ್ನುವ ತೆಳು ದೋಸೆ, ಜೋನಿ ಅಂದರೆ ನೀರುಬೆಲ್ಲ, ತುಪ್ಪ. ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ, ಮಾವಿನಕಾಯಿಯ ತೆಳ್ಳನೆ ಸಾರಿನಂಥ ಅಪ್ಪೆಹುಳಿ. ಅಪ್ಪೆಹುಳಿಯನ್ನು ಲೋಟದಲ್ಲೇ ಕುಡಿದೆ. ನಾನು ಕೇಳದೆಯೇ ಹೋಟೆಲಿನ ಅಮ್ಮ ಇನ್ನೊಂದು ಸೌಟು ಹಾಕಿದರು. ಎಲ್ಲ ಸೇರಿದರೂ ಜೋಗದ ಒಂದು ಪ್ಲೇಟ್ ನೂಡಲ್ಸಿನಷ್ಟು ಬಿಲ್ಲಾಗಲಿಲ್ಲ.

ಇನ್ನು ಕಾಡು. ಹೊನ್ನಾವರದ ಬಸ್ಸು ಮಾವಿನಗುಂಡಿ ದಾಟಿ ಗೇರುಸೊಪ್ಪೆ ಕಡೆ ಇಳಿಯುವಾಗ ಹೆದ್ದಾರಿ ಪಕ್ಕದಲ್ಲೇ ಕತ್ತಲೆಕಾನು. ಜಾಯಿಕಾಯಿಯ ನೆಂಟನಾದ ರಾಮಪತ್ರೆ ಜಾತಿಯ ಮರಗಳ ಜೌಗು ಇಲ್ಲಿದೆ. ಕಾಲಡಿ ಕಪ್ಪು ಕೆಸರು, ಬೇಸಿಗೆಯಲ್ಲೂ ಸಣ್ಣಗೆ ಹರಿಯುವ ನೀರು. ಆ ಕೆಸರಿನಿಂದ ಬೇರುಗಳು ಮಂಡಿ ಮಡಚಿ ಕೂತವರ ಹಾಗೆ ಮೇಲೆದ್ದು ಮತ್ತೆ ಒಳಗೆ ಹೋಗಿವೆ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ, ಅದಕ್ಕೇ ಮರ ಬೇರನ್ನು ಹೊರಗೆ ಹಾಕಿ ಉಸಿರಾಡುತ್ತದೆ. ದಯವಿಟ್ಟು ಅದರ ಮೇಲೆ ಹತ್ತಿ ಫೋಟೋ ತೆಗೆಸಬೇಡಿ. ಇಂಥ ಜೌಗುಗಳು ಎಷ್ಟೋ ಕಡೆ ಗದ್ದೆ, ಅಡಿಕೆ ತೋಟವಾಗಿ ಹೋಗಿವೆ. ವರ್ಷವಿಡೀ ನೀರಿರುವ ಜಾಗವನ್ನು ಯಾರು ಸುಮ್ನೆ ಬಿಡುತ್ತಾರೆ?

ಈ ಊರಿನ ಹೆಸರನ್ನೇ ಹೊತ್ತ ಮರವೊಂದಿದೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ಬಳಗದ್ದು, ಜಗತ್ತಿಗೆ ಗೊತ್ತಾದದ್ದೇ 2000ದಲ್ಲಿ. ಈ ಬಳಗದ ಕೆಲವು ಕಾಡುಮರಗಳ ಸೊನೆ ತಾಗಿದರೆ ಮೈಮೇಲೆ ಬೊಕ್ಕೆ ಏಳಬಹುದು. ತೊಗಟೆ ಕೆರೆಯುವ ಚಾಳಿ ಇದ್ದವರು ಕೈ ಕಟ್ಟಿಕೊಂಡಿರಿ.

ಇದು ಸಿಂಗಳೀಕಗಳಿರುವ ರಕ್ಷಿತ ಕಾಡು. ಅರಣ್ಯ ಇಲಾಖೆಯ ಅನುಮತಿ, ಜೊತೆಗೊಬ್ಬ ಊರಿನವರು, ಎರಡೂ ಇಲ್ಲದೆ ಒಳಗೆ ಕಾಲಿಡಬೇಡಿ. ಮಳೆಗಾಲದಲ್ಲಿ ಉಂಬಳದ (ರಕ್ತ ಹೀರುವ ಜಿಗಣೆ) ಕಾಟ ಜಾಸ್ತಿ, ಡಿಸೆಂಬರ್ ನಂತರ ವಾಸಿ. ಆದರೂ ಸಾಕ್ಸಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡೇ ಹೋಗಿ. ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.