ಎರಡು ಕಾರ್ಡು, ಒಂದೇ ಕಿಂಡಿ

ಭಾನುವಾರ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಆರೋಗ್ಯ ಕಾರ್ಡು ನೋಂದಣಿ ಶಿಬಿರ ಇತ್ತು. ಗುರುವಾರ ಬೆಳಿಗ್ಗೆ ಕೈಯಲ್ಲಿದ್ದದ್ದು ಮೇಲಿನಿಂದ ಬಂದ ಮಾದರಿಯಂತೆ ಮಾಡಿದ ಪೋಸ್ಟರಿನ ಕರಡು, ಆಟೊ ಪ್ರಚಾರದ ಸ್ಕ್ರಿಪ್ಟು, ಆಶಾ ಕಾರ್ಯಕರ್ತೆಯರ ವಾಟ್ಸಾಪ್ ಗುಂಪಿಗೆ ಹಾಕಬೇಕಾದ ಒಂದು ಚಿತ್ರ. ಇಲಾಖೆಯಲ್ಲಿ ಈ ಪ್ರಚಾರದ ಕೆಲಸಕ್ಕೆ ಐಇಸಿ (ಮಾಹಿತಿ, ಶಿಕ್ಷಣ, ಸಂವಹನ) ಅನ್ನುತ್ತಾರೆ. ಕರಡು ತಿದ್ದಲು ಕೂರುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಕೊಡುವ ಕಿಂಡಿಯ ಪಕ್ಕ ಹೋಗಿ ನಿಲ್ಲಬೇಕು. ಸಾಲು ಉದ್ದ ಇರುವ ಹೊತ್ತು, ಅಂದರೆ ಒಂಬತ್ತರಿಂದ ಹನ್ನೊಂದರವರೆಗೆ. ಅಲ್ಲಿ ಜನ ಏನು ಕೇಳುತ್ತಾರೆ, ಒಳಗಿನವರು ಏನು ಉತ್ತರ ಕೊಡುತ್ತಾರೆ ಅನ್ನುವುದನ್ನು ಬರೆದುಕೊಂಡರೆ ಪೋಸ್ಟರಿನ ಅರ್ಧ ಕೆಲಸ ಮುಗಿದಂತೆ.

ಆ ಬೆಳಿಗ್ಗೆ ಒಬ್ಬರು ಲ್ಯಾಮಿನೇಷನ್ ಮಾಡಿಸಿದ ಆಭಾ ಕಾರ್ಡನ್ನು ಕಿಂಡಿಯೊಳಗೆ ತೂರಿಸಿದರು. "ಅಣ್ಣಾ, ಇದ್ರಲ್ಲಿ ಐದು ಲಕ್ಷ ಇದ್ಯಂತಲ್ಲ. ಸ್ಕ್ಯಾನಿಂಗ್ ದುಡ್ಡು ಇದ್ರಲ್ಲೇ ಹಿಡ್ಕೊಳ್ಳಿ."

"ಅದು ಬೇರೆ ಕಾರ್ಡು ಕಣಮ್ಮ. ಇದು ಬರೀ ನಂಬರು."

"ಮತ್ತೆ ಇದನ್ಯಾಕೆ ಮಾಡ್ಸಿದ್ರು?"

ಹಿಂದೆ ಸಾಲು ಬೆಳೆಯುತ್ತಿತ್ತು. ಆ ಪ್ರಶ್ನೆಗೆ ಉತ್ತರ ಕೊಡುವ ಪುರುಸೊತ್ತು ಒಳಗಿದ್ದವರಿಗೆ ಇರಲಿಲ್ಲ. ಅದು ಪ್ರಚಾರದವರು ಮೊದಲೇ ಕೊಟ್ಟಿರಬೇಕಾದ ಉತ್ತರ.

ಗೊಂದಲಕ್ಕೆ ಕಾರಣ ಇದೆ. ಆಯುಷ್ಮಾನ್ ಭಾರತ್ ಅನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಶುರುವಾದದ್ದು ಜನ ಆರೋಗ್ಯ ಯೋಜನೆ: ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ. ಕರ್ನಾಟಕದಲ್ಲಿ ಅದೇ ವರ್ಷ ಅದನ್ನು ರಾಜ್ಯದ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿದರು; ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಶುರುವಾದದ್ದು ಡಿಜಿಟಲ್ ಮಿಷನ್. ಅದು ಕೊಡುವುದೇ ಆಭಾ, 14 ಅಂಕಿಯ ಗುರುತಿನ ಸಂಖ್ಯೆ. ನಮ್ಮ ವರದಿ, ಔಷಧಿ ಚೀಟಿಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ನಮ್ಮ ಒಪ್ಪಿಗೆಯ ಮೇಲೆ ತೋರಿಸುವುದಕ್ಕೆ ಅದು ಬೇಕು. ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಎರಡೂ ಕಾರ್ಡು ಪರ್ಸಿನಲ್ಲಿ ಹಿಡಿಯುವ ಅಳತೆಯವು, ಎರಡರ ಮೇಲೂ ಹೆಸರು, ಫೋಟೊ, ಕ್ಯೂಆರ್ ಇರುತ್ತದೆ, ಎರಡನ್ನೂ ಒಂದೇ ಶಿಬಿರದಲ್ಲಿ, ಒಂದೇ ಮೇಜಿನ ಮೇಲೆ ಮಾಡಿಕೊಡುತ್ತಾರೆ. ಗೊಂದಲ ಆಗದಿದ್ದರೆ ಆಶ್ಚರ್ಯ.

ನಮ್ಮ ಕರಡಿನಲ್ಲಿದ್ದದ್ದು "ಆಯುಷ್ಮಾನ್ ಭಾರತ್ ಬೃಹತ್ ನೋಂದಣಿ ಅಭಿಯಾನ, ಎಲ್ಲರೂ ಪಾಲ್ಗೊಳ್ಳಿ" ಎಂಬ ತಲೆಬರಹ, ಕೆಳಗೆ ನಗುತ್ತಿರುವ ಕುಟುಂಬದ ಫೋಟೊ, ಒಂದು ಕ್ಯೂಆರ್, ಸಾಲಾಗಿ ಲಾಂಛನಗಳು. ಈ ಪೋಸ್ಟರು ಓದಿದವರಿಗೆ ಭಾನುವಾರ ಯಾವ ಕಾರ್ಡು ಸಿಗುತ್ತದೆ, ಏನು ತರಬೇಕು ಅನ್ನುವುದು ಗೊತ್ತಾಗುವ ಹಾಗಿರಲಿಲ್ಲ. ಅದನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದೆವು. ಎಡಕ್ಕೆ "ಆಸ್ಪತ್ರೆಗೆ ಸೇರಿದಾಗ ಖರ್ಚಿಗೆ: ಆಯುಷ್ಮಾನ್ ಕಾರ್ಡು. ತರಬೇಕಾದದ್ದು ಆಧಾರ್, ರೇಷನ್ ಕಾರ್ಡು." ಬಲಕ್ಕೆ "ನಿಮ್ಮ ರಿಪೋರ್ಟು ಒಂದೇ ಕಡೆ ಸಿಗುವುದಕ್ಕೆ: ಆಭಾ ಸಂಖ್ಯೆ. ತರಬೇಕಾದದ್ದು ಆಧಾರ್, ಆಧಾರ್‌ಗೆ ಜೋಡಿಸಿದ ಫೋನು. ಇದರಲ್ಲಿ ಹಣ ಇಲ್ಲ." ಕೊನೆಯ ಮೂರು ಪದಕ್ಕೆ ಆಕ್ಷೇಪ ಬಂತು. ಯೋಜನೆಯ ಪೋಸ್ಟರಿನಲ್ಲಿ "ಇಲ್ಲ" ಅನ್ನುವ ಪದ ಯಾಕೆ ಅಂತ. ಆದರೆ ಕಿಂಡಿಯ ಜಗಳ ತಪ್ಪಿಸುವುದು ಆ ಮೂರು ಪದಗಳೇ. ಜಾಗ ಸಾಲದು ಅಂದಾಗ ಮೊದಲು ಕತ್ತರಿ ಬೀಳುವುದೂ ಅವಕ್ಕೇ.

ಹಣದ ಭಾಗದಲ್ಲಿ ಇನ್ನೆರಡು ತಪ್ಪು ತಿಳಿವಳಿಕೆ ಸಾಮಾನ್ಯ. ಒಂದು, "ಯಾವ ಆಸ್ಪತ್ರೆಗಾದರೂ ನೇರ ಹೋಗಬಹುದು" ಅನ್ನುವುದು. ನಮ್ಮಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ. ಆ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ವೈದ್ಯರು ರೆಫರಲ್ ಬರೆದುಕೊಟ್ಟ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ತುರ್ತು ಚಿಕಿತ್ಸೆಗೆ ರೆಫರಲ್ ಬೇಡ. "5 ಲಕ್ಷ ಉಚಿತ" ಅಂತ ಮಾತ್ರ ಬರೆದ ಪೋಸ್ಟರು ಜನರನ್ನು ಸೀದಾ ಖಾಸಗಿ ಆಸ್ಪತ್ರೆಯ ಸ್ವಾಗತ ಮೇಜಿಗೆ ಕಳಿಸುತ್ತದೆ, ಅಲ್ಲಿಂದ ಅವರು ವಾಪಸು ಬರುತ್ತಾರೆ, ಬೈಯುವುದು ಆಶಾ ಅಕ್ಕನನ್ನು. ಇನ್ನೊಂದು ಎಪಿಎಲ್ ಕುಟುಂಬಗಳದ್ದು. ಅವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ, ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. "ಶೇ. 30 ಪಾವತಿ" ಅಂತ ಬರೆದರೆ ತಾವು ಕೊಡಬೇಕಾದದ್ದು ಮೂವತ್ತು ಅಂದುಕೊಳ್ಳುತ್ತಾರೆ. ಆದ್ದರಿಂದ ಶೇಕಡಾವಾರು ಬಿಟ್ಟು "ನೂರು ರೂಪಾಯಿ ದರವಿದ್ದರೆ ಸರ್ಕಾರ ಮೂವತ್ತು, ನೀವು ಎಪ್ಪತ್ತು" ಅಂತ ಹಾಕಬೇಕು. ಮತ್ತೆ, ಹೊರರೋಗಿ ಪರೀಕ್ಷೆಗೆ, ಸುಮ್ಮನೆ ತೋರಿಸಿಕೊಂಡು ಬರುವುದಕ್ಕೆ ಈ ಹಣ ಬರುವುದಿಲ್ಲ ಅನ್ನುವುದೂ ಒಂದು ಸಾಲು ಇರಲೇಬೇಕು.

ಕ್ಯೂಆರ್ ವಿಷಯ. ಮಾದರಿಯಲ್ಲಿದ್ದದ್ದು "ಸ್ಕ್ಯಾನ್ ಮಾಡಿ, ಸಾಲು ತಪ್ಪಿಸಿ" ಅನ್ನುವ ಸೌಲಭ್ಯದ ಚಿತ್ರ. ರೋಗಿ ತನ್ನ ಫೋನಿನಿಂದ ಸ್ಕ್ಯಾನ್ ಮಾಡಿ ಹೆಸರು, ವಯಸ್ಸು, ಆಭಾ ಸಂಖ್ಯೆ ಹಂಚಿಕೊಂಡರೆ ಕೌಂಟರಿನಲ್ಲಿ ಬರೆಸುವ ಕೆಲಸ ಉಳಿಯುತ್ತದೆ, ಟೋಕನ್ ಬರುತ್ತದೆ. ಆದರೆ ಆ ಕ್ಯೂಆರ್ ಆಯಾ ಆಸ್ಪತ್ರೆಗೇ ಪ್ರತ್ಯೇಕ. ಮಾದರಿಯಲ್ಲಿರುವುದನ್ನು ಹಾಗೇ ಅಚ್ಚು ಹಾಕಿಸಿದರೆ ಅದು ಯಾವ ಕೌಂಟರಿಗೂ ಹೋಗುವುದಿಲ್ಲ. ಎಲ್ಲ ಕಡೆ ಅಂಟಿಸುವ ಪೋಸ್ಟರಿನಿಂದ ಅದನ್ನು ತೆಗೆದು ಆಸ್ಪತ್ರೆಯೊಳಗಿನ ಪೋಸ್ಟರಿಗೆ ಮಾತ್ರ ಇಟ್ಟುಕೊಳ್ಳಬೇಕು. ಅಲ್ಲೂ, ಸ್ಕ್ಯಾನ್ ಮಾಡುವವರು ಎಷ್ಟು ದೂರ ನಿಲ್ಲುತ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ. ಎರಡಡಿ ದೂರಕ್ಕೆ ಆರು ಸೆಂಟಿಮೀಟರ್ ಸಾಕು. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೆ ಎಷ್ಟು ದೊಡ್ಡದಿದ್ದರೂ ಫೋನು ಓದುವುದಿಲ್ಲ, ಮ್ಯಾಟ್ ಹಾಕಿಸಿ.

ಮಧ್ಯಾಹ್ನ ತಿದ್ದಿದ ಕರಡನ್ನು ಬಡಾವಣೆಗೆ ಒಯ್ದೆವು. ಮಹಿಳಾ ಆರೋಗ್ಯ ಸಮಿತಿಯ ಸದಸ್ಯೆಯರು ಕಾಯುತ್ತಿದ್ದರು. ಅವರಿಗೆ ತೋರಿಸಿ ಪ್ರಯೋಜನವಿಲ್ಲ, ತರಬೇತಿ ಆಗಿರುವುದರಿಂದ ಎಲ್ಲ ಗೊತ್ತಿರುತ್ತದೆ. ಅವರ ಮೂಲಕ ಪಕ್ಕದ ಮನೆಗಳಿಂದ ಎಂಟು ಹತ್ತು ಜನರನ್ನು ಕರೆಸಿ, ಏನೂ ವಿವರಿಸದೆ ಪೋಸ್ಟರು ಕೊಡಬೇಕು. "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬಾರದು, ಮರ್ಯಾದೆಗೆ ಎಲ್ಲರೂ ಹೂಂ ಅನ್ನುತ್ತಾರೆ. ಕೇಳಬೇಕಾದದ್ದು: ಇದು ಯಾರಿಗೆ? ಭಾನುವಾರ ನೀವು ಎಲ್ಲಿಗೆ ಹೋಗ್ತೀರಿ? ಕೈಯಲ್ಲಿ ಏನೇನು ಹಿಡ್ಕೊಂಡು ಹೋಗ್ತೀರಿ? ಮೂರನೆಯ ಪ್ರಶ್ನೆಗೆ ಹತ್ತರಲ್ಲಿ ಎಂಟು ಜನ ಸರಿ ಹೇಳುವವರೆಗೂ ತಿದ್ದುತ್ತಿರಬೇಕು.

ಅಲ್ಲಿ ಎಡವಿದ್ದು ಕುಟುಂಬದ ಫೋಟೊ. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಒಬ್ಬ ಅಜ್ಜಿ ಅದನ್ನೇ ದಿಟ್ಟಿಸಿ, "ನಮ್ಮನೇಲಿ ಏಳು ಜನ. ಇದು ನಾಕು ಜನಕ್ಕೆ ಮಾತ್ರನಾ? ನಂದೇನು ಬಿಟ್ಟೋಯ್ತಾ?" ಅಂದರು. ಯೋಜನೆಯಲ್ಲಿ ಕುಟುಂಬದ ಸದಸ್ಯರ ಸಂಖ್ಯೆಗೂ ವಯಸ್ಸಿಗೂ ಮಿತಿ ಇಲ್ಲ, ಆದರೆ ಫೋಟೊ ಮಿತಿ ಹಾಕಿಬಿಟ್ಟಿತ್ತು. ಫೋಟೊ ತೆಗೆದು ಅಲ್ಲಿ ಆಧಾರ್, ರೇಷನ್ ಕಾರ್ಡು, ಫೋನಿನ ಚಿತ್ರ ಹಾಕಿದೆವು. ನೋಡುವುದಕ್ಕೆ ಅಷ್ಟೇನೂ ಚೆಂದವಿಲ್ಲ. ಓದು ಬಾರದವರೂ ಅದನ್ನು ನೋಡಿ ಮೂರು ವಸ್ತು ಹೆಸರಿಸಿದರು, ಅಷ್ಟು ಸಾಕು.

ಇನ್ನೊಂದು ತೊಡಕು ಒಟಿಪಿ. ಬ್ಯಾಂಕು, ಪೊಲೀಸರು, ರೇಡಿಯೊ ಎಲ್ಲರೂ ವರ್ಷಗಟ್ಟಲೆ "ಒಟಿಪಿ ಯಾರಿಗೂ ಹೇಳಬೇಡಿ" ಅಂತ ಹೇಳಿಕೊಂಡು ಬಂದಿದ್ದಾರೆ. ಶಿಬಿರದಲ್ಲಿ ಸ್ವಯಂಸೇವಕ ಮಾಡುವ ಮೊದಲ ಕೆಲಸ ಒಟಿಪಿ ಕೇಳುವುದು. ಹೇಳದೆ ಎದ್ದು ಹೋದವರೇ ಬುದ್ಧಿವಂತರು ಅನ್ನಬೇಕು. ಇದಕ್ಕೆ ಪೋಸ್ಟರಿನಲ್ಲಿ ಪರಿಹಾರವಿಲ್ಲ, ಮೇಜಿನ ಮೇಲಿದೆ: ಟ್ಯಾಬ್ ಅನ್ನು ತಿರುಗಿಸಿ ಕೊಟ್ಟು ಅಂಕಿಗಳನ್ನು ಅವರ ಕೈಯಿಂದಲೇ ಒತ್ತಿಸುವುದು. ಸ್ಕ್ರಿಪ್ಟಿಗೆ ಸೇರಿಸಿದ ಸಾಲು: "ಒಟಿಪಿ ನೀವೇ ಒತ್ತಿ, ಯಾರಿಗೂ ಹೇಳಬೇಡಿ. ಬ್ಯಾಂಕಿನ ವಿವರ ಇಲ್ಲಿ ಕೇಳುವುದಿಲ್ಲ." ಆ ಫೋನು ಎಷ್ಟೋ ಮನೆಗಳಲ್ಲಿ ಯಜಮಾನರ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಗಾರ್ಮೆಂಟ್ಸ್‌ಗೆ, ಮನೆಕೆಲಸಕ್ಕೆ ಹೋಗುವ ಹೆಂಗಸರೂ ಬೆಳಿಗ್ಗೆಯೇ ಹೊರಟಿರುತ್ತಾರೆ. ವಾರದ ದಿನ ಹತ್ತರಿಂದ ನಾಲ್ಕರವರೆಗೆ ಶಿಬಿರ ಇಟ್ಟು "ಜನ ಸ್ಪಂದಿಸಲಿಲ್ಲ" ಅಂತ ವರದಿ ಬರೆಯುವುದು ನಮ್ಮಲ್ಲಿ ಹಳೆಯ ಕಾಯಿಲೆ. ಭಾನುವಾರ ಅಂತ ಹಟ ಹಿಡಿದದ್ದು ಇದಕ್ಕೇ.

ಆಭಾ ಕಡ್ಡಾಯವಲ್ಲ, ಅದಿಲ್ಲದಿದ್ದರೂ ಚಿಕಿತ್ಸೆ ಸಿಗುತ್ತದೆ ಅನ್ನುವುದನ್ನು ಪೋಸ್ಟರಿನಲ್ಲೂ ಹಾಕಿದೆವು, ಮೇಜಿನಲ್ಲಿ ಬಾಯಲ್ಲೂ ಹೇಳಿಸುವುದು ಅಂತ ತೀರ್ಮಾನಿಸಿದೆವು. ನೋಂದಣಿಯ ಗುರಿ ತಲುಪಬೇಕಾದವರಿಗೆ ಈ ಸಾಲು ಕಹಿ. ಆದರೆ ಒಪ್ಪಿಗೆಯ ಮೇಲೆ ನಿಂತ ವ್ಯವಸ್ಥೆಯಲ್ಲಿ ಒಪ್ಪಿಗೆ ಅನ್ನುವುದನ್ನೇ ನುಂಗಿಬಿಟ್ಟರೆ ಉಳಿಯುವುದೇನು?

ವಿಳಾಸಕ್ಕೆ ವಾರ್ಡ್ ಸಂಖ್ಯೆ ನೆಚ್ಚಿಕೊಳ್ಳುವ ಹಾಗಿಲ್ಲ. ಬೆಂಗಳೂರಿನ ವಾರ್ಡುಗಳು 198 ಇದ್ದದ್ದು 243 ಆಯಿತು, ಆಮೇಲೆ 225. 2025ರಲ್ಲಿ ಪಾಲಿಕೆಯೇ ಐದಾಯಿತು. ಜನ ಹೇಳುವುದು "ಮಾರಮ್ಮನ ಗುಡಿ ಹಿಂದಿನ ಕ್ಲಿನಿಕ್ಕು" ಅಂತ. ಪೋಸ್ಟರಿನಲ್ಲೂ ಹಾಗೇ ಇರಲಿ.

ಸಂಜೆ ಸುಲ್ತಾನ್‌ಪೇಟೆಯ ಅಚ್ಚುಮನೆ. ಕನ್ನಡ ಪೋಸ್ಟರುಗಳು ಕೆಡುವುದು ಹೆಚ್ಚಾಗಿ ಇಲ್ಲೇ. ನಾವು ಬರೆಯುವುದು ಯೂನಿಕೋಡಿನಲ್ಲಿ. ಅನೇಕ ಅಚ್ಚುಮನೆಗಳ ಹಳೆಯ ತಂತ್ರಾಂಶಕ್ಕೆ ಬೇಕಾದದ್ದು ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟು. ಪರಿವರ್ತಿಸುವಾಗ ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಹಾರಿಹೋಗುತ್ತದೆ. ವಿನ್ಯಾಸದ ತಂತ್ರಾಂಶದಲ್ಲೂ ಭಾರತೀಯ ಲಿಪಿಗಳ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ "ಆಸ್ಪತ್ರೆ" ಅನ್ನುವ ಪದವೇ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅಕ್ಷರಗಳನ್ನು ಔಟ್‌ಲೈನ್ ಮಾಡಿದ (ಅಂದರೆ ಬರೀ ಆಕಾರವಾಗಿ ಬದಲಿಸಿದ) ಪಿಡಿಎಫ್ ಕೊಡುವುದೇ ಕ್ಷೇಮ. ತಿದ್ದುಪಡಿ ಬೇಕಾದರೆ ಮೂಲ ಫೈಲಿಗೇ ಹೋಗಬೇಕು, ಅಷ್ಟೇ ಕಷ್ಟ. ಎ3 ಅಳತೆ, ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚಿನ ಅಂಚು. ಸಣ್ಣ ಅಕ್ಷರಕ್ಕೆ ಶುದ್ಧ ಕಪ್ಪು ಮಾತ್ರ. ನಾಲ್ಕೂ ಬಣ್ಣ ಬೆರೆಸಿದ ಕಪ್ಪು ಹಾಕಿದರೆ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಸಾಲುಗಳ ನಡುವಿನ ಜಾಗ ಇಂಗ್ಲಿಷಿಗಿಂತ ಹೆಚ್ಚು ಬೇಕು, ಅಕ್ಷರದ ಅಳತೆಯ ಒಂದೂವರೆಯಷ್ಟು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಫೋನ್ ಸಂಖ್ಯೆಗಳನ್ನು ಪ್ರೂಫ್ ನೋಡಿ ಬಿಡಬಾರದು, ಅಲ್ಲೇ ನಿಂತು ಡಯಲ್ ಮಾಡಬೇಕು: ಜನ ಆರೋಗ್ಯಕ್ಕೆ 14555, ಆಭಾಗೆ 14477, ರಾಜ್ಯದ ಆರೋಗ್ಯ ಸಹಾಯವಾಣಿ 104.

ಮಾದರಿಯಲ್ಲಿ ಫ್ಲೆಕ್ಸ್ ಬ್ಯಾನರ್ ಅಂತಲೂ ಇತ್ತು. ಬೆಂಗಳೂರಿನಲ್ಲಿ 2018ರಲ್ಲಿ ಹೈಕೋರ್ಟ್ ತರಾಟೆಗೆ ತೆಗೆದುಕೊಂಡ ಮೇಲೆ ಫ್ಲೆಕ್ಸಿಗೆ ಕಡಿವಾಣ ಬಿದ್ದಿದೆ. ಇಲ್ಲಿ ಬಟ್ಟೆಯೇ ಗತಿ. ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಗೆ ಫೋಟೊ, ಬಣ್ಣದ ಛಾಯೆ ಹೊಂದುವುದಿಲ್ಲ. ಎರಡು ಬಣ್ಣ, ದಪ್ಪ ಅಕ್ಷರ, ಜಾಗ ಮತ್ತು ದಿನ.

ಕೊನೆಗೆ ಆಟೊ. ಗಲ್ಲಿಯಲ್ಲಿ ಗಂಟೆಗೆ 10 ಕಿಲೊಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಮೈಕಿನ ಮಾತು ಹಿಂದೆ ಮುಂದೆ ನಲವತ್ತು ಮೀಟರ್ ಸ್ಪಷ್ಟವಾಗಿ ಕೇಳಿಸುತ್ತದೆ ಅಂತಿಟ್ಟುಕೊಂಡರೆ, ಬಾಗಿಲಲ್ಲಿ ನಿಂತವರಿಗೆ ಸಿಗುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಅದೂ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೋ ಗೊತ್ತಿಲ್ಲ. ವೇಗ ಇಪ್ಪತ್ತಾದರೆ ಹದಿನಾಲ್ಕು ಸೆಕೆಂಡು. ಹಾಗಾಗಿ ಹಾಡು, ಸ್ವಾಗತ, ಗಣ್ಯರ ಹೆಸರು ಎಲ್ಲ ಕಿತ್ತುಹಾಕಿ, ಐವತ್ತು ಪದಗಳೊಳಗೆ ದಿನ, ಜಾಗ, ತರಬೇಕಾದದ್ದು ಎರಡು ಸಲ ಬರುವಂತೆ ಬರೆಯಬೇಕು. ಅದೇ ಸ್ಕ್ರಿಪ್ಟು ತಮಿಳು, ತೆಲುಗು, ಉರ್ದುವಿನಲ್ಲೂ ಬೇಕು, ಆದರೆ ಒಂದರ ಹಿಂದೆ ಒಂದು ಜೋಡಿಸಿದರೆ ಪ್ರತಿ ಬೀದಿಗೂ ತಪ್ಪು ಭಾಷೆಯ ತುಣುಕೇ ಬೀಳುವ ಸಾಧ್ಯತೆ ಹೆಚ್ಚು. ಬೀದಿ ನೋಡಿ ಭಾಷೆ ಬದಲಿಸುವುದನ್ನು ಚಾಲಕರಿಗೇ ಬಿಡಿ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪೊಲೀಸರ ಅನುಮತಿ ಪತ್ರದ ಪ್ರತಿ ಗಾಡಿಯಲ್ಲೇ ಇರಲಿ. ಆಸ್ಪತ್ರೆ, ಶಾಲೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ; ಆರೋಗ್ಯದ ಪ್ರಚಾರವಾದರೂ ಅಲ್ಲಿ ಮೈಕು ಬಂದ್.

ಅಂಟಿಸುವ ಜಾಗವೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಸಾರ್ವಜನಿಕ ಗೋಡೆಗೆ ಅಂಟಿಸುವುದು 1981ರ ವಿರೂಪ ತಡೆ ಕಾಯ್ದೆಯಡಿ ಅಪರಾಧ. ಕ್ಲಿನಿಕ್ಕು, ಅಂಗನವಾಡಿ, ನ್ಯಾಯಬೆಲೆ ಅಂಗಡಿಯ ಒಳಗೆ, ಕೇಳಿಕೊಂಡು, ಕಣ್ಣಿನ ಮಟ್ಟಕ್ಕೆ. ಪಡಿತರ ಕೊಡುವ ದಿನಗಳಲ್ಲಿ ನ್ಯಾಯಬೆಲೆ ಅಂಗಡಿಯಷ್ಟು ಒಳ್ಳೆಯ ಜಾಗ ಮತ್ತೊಂದಿಲ್ಲ. ರೇಷನ್ ಕಾರ್ಡು ಆಗಲೇ ಕೈಯಲ್ಲಿರುತ್ತದೆ, ನಿಂತು ಓದುವಷ್ಟು ಸಾಲೂ ಇರುತ್ತದೆ.

ಸೋಮವಾರದಿಂದ ಒಂದು ವಾರ ಅದೇ ಕಿಂಡಿಯಲ್ಲಿ ಒಂದು ಹಾಳೆ ಇಡಲು ಒಪ್ಪಿಸಿದೆವು: "ಆಭಾದಲ್ಲಿ ಹಣ ಕೇಳಿದವರು", "ರೆಫರಲ್ ಇಲ್ಲದೆ ಹೋಗಿ ಬಂದವರು", "ದಾಖಲೆ ತರದವರು". ಪ್ರತಿಯೊಬ್ಬರಿಗೂ ಒಂದು ಗೀಟು. ಎಷ್ಟು ಪೋಸ್ಟರು ಹಂಚಿದೆವು ಅನ್ನುವ ಲೆಕ್ಕಕ್ಕಿಂತ ಈ ಗೀಟುಗಳು ಕೆಲಸಕ್ಕೆ ಬರುತ್ತವೆ. ಅಂದಾಜು ಪಟ್ಟಿಯಲ್ಲಿ ಪೋಸ್ಟರು ಕೀಳುವ ಕೂಲಿಯನ್ನೂ ಒಂದು ಬಾಬ್ತು ಅಂತ ಸೇರಿಸಿರಿ. ಮುಗಿದ ಶಿಬಿರದ ದಿನಾಂಕ ಗೋಡೆಯ ಮೇಲೇ ಉಳಿದರೆ, ಅದನ್ನು ನೋಡಿ ಬಂದವರ ಜೊತೆ ವಾದ ಮಾಡಬೇಕಾದವರು ಮತ್ತೆ ಆ ಕಿಂಡಿಯೊಳಗಿನವರೇ.