ಹೊಸದಾಗಿ ಪ್ಲಾಂಟ್ ಕೆಲಸಕ್ಕ ಸೇರೋ ನಮ್ ಕಡೆ ಹುಡುಗ್ರಿಗೆ

ಡಿಪ್ಲೊಮಾ, ಐಟಿಐ ಮುಗಿಸಿದ ನಮ್ಮ ಕೊಪ್ಪಳದ ಹುಡುಗ್ರು ಒಬ್ಬೊಬ್ರಾಗಿ ಕೆಲಸಕ್ಕ ಹೊಂಟಾರ. ಕೆಲವ್ರು ತೋರಣಗಲ್ಲಿಗೆ, ಕೆಲವ್ರು ಇಲ್ಲೇ ಗಿಣಿಗೇರಿ ಸುತ್ತಮುತ್ತ ಫ್ಯಾಕ್ಟ್ರಿಗೆ, ಇನ್ನೊಂದಿಷ್ಟು ಮಂದಿ ಶಕ್ತಿನಗರದ ಕರೆಂಟ್ ಪ್ಲಾಂಟ್ ಆರ್‌ಟಿಪಿಎಸ್‌ಗೆ ಕಾಂಟ್ರ್ಯಾಕ್ಟ್ ಮ್ಯಾಲ. "ಅಣ್ಣಾ, ಮೊದಲನೇ ವರ್ಷ ಹೆಂಗಿರಬೇಕು" ಅಂತ ಕೇಳ್ತಾರ. ಎಲ್ಲಾರಿಗೂ ನಾ ಹೇಳೋದು ಒಂದ, ಯಾವ್ದನ್ನೂ ಬಾಯಿಮಾತಿನ ಮ್ಯಾಲ ಬಿಡಬ್ಯಾಡ್ರಿ, ಬರೀರಿ, ಬರೆಸ್ಕೊಳ್ರಿ. ಕೆಲಸದಾಗೂ ಅಷ್ಟ, ಪಗಾರದಾಗೂ ಅಷ್ಟ.

ಲಾಗ್ ಬುಕ್ ಅಂದ್ರ ಹೊಸಬ್ರು ಅದನ್ನ ಕ್ಲರ್ಕ್ ಕೆಲಸ ಅನ್ಕೋತಾರ. ಶಿಫ್ಟ್ ಮುಗಿಯೋ ಹೊತ್ತಿಗೆ "ಆಲ್ ನಾರ್ಮಲ್" ಅಂತ ಗೀಚಿ ಬಸ್ಸಿಗೆ ಓಡ್ತಾರ. ಆದ್ರ ಮುಂದಿನ ಶಿಫ್ಟಿನವನಿಗೆ ಮಷೀನ್ ರಾತ್ರಿಯೆಲ್ಲಾ ಹೆಂಗಿತ್ತು ಅಂತ ತಿಳಿಯೋದು ಅದರಿಂದನ. ಕನ್ವೇಯರ್ ಡ್ರೈವ್ ಕಡೆ ಸ್ವಲ್ಪ ಸೌಂಡ್ ಬರಾಕತ್ತೈತಿ ಅನ್ರಿ, "ಸೌಂಡ್ ಐತಿ" ಅಂತ ಬರೆದ್ರ ಓದಿದವ ಏನು ಮಾಡ್ಬೇಕು? ಅದ ನೀವು "ಮೋಟರ್ ಸೈಡ್ ಬೇರಿಂಗ್, ರಾತ್ರಿ 2ಕ್ಕ 71 ಡಿಗ್ರಿ, 4ಕ್ಕ 78, ಗ್ರೀಸ್ ಹಾಕೀವಿ, 5ಕ್ಕ 74, ತಾಸಿಗೊಮ್ಮೆ ನೋಡ್ರಿ" ಅಂತ ಬರೆದ್ರ ಅವ ಬಂದಕೂಡ್ಲೆ ಟೆಂಪರೇಚರ್ ಗನ್ ಹಿಡ್ಕೊಂಡು ಸೀದಾ ಅಲ್ಲಿಗೇ ಹೋಗ್ತಾನ. ಹಿಂಗ ಬರೀಬೇಕು ಅಂದ್ರ ನೀವೂ ಹೋಗಿ ನೋಡಿರ್ಬೇಕಲ್ಲ, ಅದರಾಗ ಅರ್ಧ ಕೆಲಸ ಕಲ್ತಂಗಾತು. ಇಂಗ್ಲಿಷ್ ಬರಂಗಿಲ್ಲ ಅಂತ ಹೆದರಬ್ಯಾಡ್ರಿ, ಲಾಗ್ ಬುಕ್‌ನಾಗ ಬೇಕಾಗೋ ಇಂಗ್ಲಿಷ್ ಒಂದು ತಿಂಗಳದಾಗ ಬರ್ತೈತಿ. ಕಿಸೆಯಾಗ ಒಂದು ಸಣ್ಣ ಡೈರಿ ಇಟ್ಕೊಳ್ರಿ, ಅದು ಪೂರ್ತಿ ಕನ್ನಡದಾಗ ಇರ್ಲಿ. ಹಳೇ ಫಿಟ್ಟರ್‌ಗಳು ಕೆಲಸ ಮಾಡ್ಕೋತ ಹೇಳೋ ಮಾತು ಯಾವ ಮ್ಯಾನುವಲ್‌ನಾಗೂ ಸಿಗಂಗಿಲ್ಲ. ಅವ್ರು ಕಾಂಟ್ರ್ಯಾಕ್ಟ್ ಇರ್ಲಿ, ಓದು ಕಮ್ಮಿ ಇರ್ಲಿ, ಅವರಿಗೆ ರಿ ಹಚ್ಚಿ ಮಾತಾಡ್ಸ್ರಿ, ನೀವು ಅವರಿಂದ ಕಲಿಯಾಕ ಹೋದವ್ರು.

ಇನ್ನ ಒಂದು ವಿಷಯದಾಗ ಮಾತ್ರ ಯಾರು ಎಷ್ಟು ಅವಸರ ಮಾಡಿದ್ರೂ ಬಗ್ಗಬ್ಯಾಡ್ರಿ. ಮಷೀನಿಗೆ ಕೈ ಹಾಕೋ ಮುಂಚೆ ವಾಕಿಟಾಕಿಯಾಗ "ಹ್ಞೂಂ ಲೈನ್ ಆಫ್ ಐತಿ, ಹೋಗು" ಅಂದ್ರ ಅದು ಶಟ್‌ಡೌನ್ ಅಲ್ಲ. ಪರ್ಮಿಟ್ ಅಂದ್ರ ಕೆಲಸದ ಅನುಮತಿ ಕಾಗದದ ಮ್ಯಾಲ ಸಹಿ ಆಗ್ಬೇಕು, ಕರೆಂಟ್ ಕಡಿಯೋ ಬ್ರೇಕರಿಗೆ ನಿಮ್ಮ ಸ್ವಂತ ಲಾಕ್, ನಿಮ್ಮ ಹೆಸರಿನ ಟ್ಯಾಗ್ ಬೀಳ್ಬೇಕು, ಕೀಲಿ ನಿಮ್ಮ ಕಿಸೆಯಾಗ ಇರ್ಬೇಕು. ಐದು ಮಂದಿ ಕೆಲಸ ಮಾಡಾಕತ್ತಿದ್ರ ಐದು ಲಾಕ್. ಆಮ್ಯಾಲ ಸ್ಟಾರ್ಟ್ ಬಟನ್ ಒತ್ತಿ ಮಷೀನ್ ತಿರುಗಂಗಿಲ್ಲ ಅಂತ ಖಾತ್ರಿ ಮಾಡ್ಕೊಂಡ ಒಳಗ ಇಳೀರಿ. ಹೊಸಬ ಅಂಜ್ತಾನ ಅಂತ ಯಾರಾದ್ರೂ ನಕ್ರ ನಗ್ಲಿ ಬಿಡ್ರಿ. ಮನ್ಯಾಗ ಅವ್ವ ಕಾಯ್ಕೊಂಡಿರ್ತಾಳ.

ಹಂಗ ನೈಟ್ ಶಿಫ್ಟ್ ಮುಗಿಸಿ ಬೈಕ್ ಮ್ಯಾಲ ಊರಿಗೆ ಬರಬ್ಯಾಡ್ರಿ, ಹೊಸಪೇಟೆ ರೋಡಿನ ಲಾರಿ ಓಡಾಟ ನಿಮಗೂ ಗೊತ್ತೈತಿ, ಕಂಪ್ನಿ ಬಸ್ ಇದ್ರ ಬಸ್ಸಿನಾಗ ನಿದ್ದಿ ಮಾಡ್ಕೋತ ಬರ್ರಿ. ಮೊದಲ ಪಗಾರಕ್ಕ ದೊಡ್ಡ ಬೈಕಿನ ಇಎಂಐ ಹಾಕ್ಕೊಳ್ಳೋದೂ ಬ್ಯಾಡ.

ಪಗಾರದ ವಿಷಯಕ್ಕ ಬರ್ತೀನಿ. ವರ್ಷಕ್ಕ 3 ಲಕ್ಷ ಪ್ಯಾಕೇಜ್ ಅಂದ್ರ ತಿಂಗಳಿಗೆ 25 ಸಾವಿರ ಕೈಗೆ ಬರ್ತೈತಿ ಅಂತ ಮನ್ಯಾಗ ಹೇಳಿಬಿಡಬ್ಯಾಡ್ರಿ. ಬೇಸಿಕ್‌ ಮ್ಯಾಲ 12% ನಿಮ್ಮ ಪಿಎಫ್ (ಭವಿಷ್ಯ ನಿಧಿ) ಕಟ್ ಆಗ್ತೈತಿ, ಕಂಪ್ನಿ ಹಾಕೋ 12%ನೂ ಬಹಳ ಕಡೆ ಆ ಪ್ಯಾಕೇಜಿನೊಳಗ ಸೇರ್ಸಿರ್ತಾರ, ಕೆಲಸ ಬಿಡುವಾಗ ಕೊಡೋ ಗ್ರಾಚ್ಯುಟಿನೂ ಸೇರ್ಸಿರ್ತಾರ. ಪಗಾರ 21 ಸಾವಿರದೊಳಗ ಇದ್ರ ಆಸ್ಪತ್ರಿ ಖರ್ಚಿನ ಸರ್ಕಾರಿ ವಿಮೆ ಇಎಸ್‌ಐ ಬರ್ತೈತಿ, ನಿಮ್ದು ಬರೀ 0.75%, ಕಂಪ್ನಿದು 3.25%. ನಿಮ್ಮ ದುಡಿಮಿ ಮ್ಯಾಲ ಇರೋ ಅಪ್ಪ ಅವ್ವನ ಹೆಸರನ್ನ ಅದರಾಗ ಸೇರ್ಸಾಕ ಮರೀಬ್ಯಾಡ್ರಿ, ಆಸ್ಪತ್ರಿ ಖರ್ಚು ಬಂದಾಗ ಅದರ ಕಿಮ್ಮತ್ತು ತಿಳಿತೈತಿ.

ಕಾಂಟ್ರ್ಯಾಕ್ಟ್ ಮ್ಯಾಲ ಇರೋರು ಪಿಎಫ್ ಪಾಸ್‌ಬುಕ್ ತಪ್ಪದ ನೋಡ್ರಿ, ಉಮಂಗ್ ಆ್ಯಪ್‌ನಾಗ ಕಾಣ್ತೈತಿ. ಸ್ಲಿಪ್‌ನಾಗ ಕಟ್ ಆಗಿರ್ತೈತಿ, ಖಾತೆಗೆ ಬಿದ್ದಿರಂಗಿಲ್ಲ, ಇದು ನಡೆಯೋದೈತಿ. ಅದಕ್ಕ ಪ್ರತಿ ತಿಂಗಳದ ಸ್ಲಿಪ್ ಇಸ್ಕೊಂಡು ಫೋಟೋ ತಗದಿಡ್ರಿ, ಕೇಳಾಕ ಹೋದಾಗ ಕೈಯಾಗ ಕಾಗದ ಇದ್ರ ಮಾತಿಗೆ ತೂಕ ಬರ್ತೈತಿ. ಮತ್ತ ನಮ್ಮ ಕಡೆಯವ್ರಿಗೆ ಹೆಸರಿನ ತ್ರಾಸ ಬಹಳ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಾಗ ಬರೀ ಇನಿಷಿಯಲ್, ಆಧಾರ್‌ನಾಗ ಅಪ್ಪನ ಪೂರಾ ಹೆಸರು, ಹುಟ್ಟಿದ ತಾರೀಖು ಬ್ಯಾರೆ. ಸೇರೋ ಮುಂಚೆನೇ ಸರಿ ಮಾಡಿಸ್ಕೊಳ್ರಿ, ಆಮ್ಯಾಲ ಪಿಎಫ್ ಆಫೀಸಿಗೆ ಅಡ್ಡಾಡೋದಾಗ್ತೈತಿ.

ಕಂಪ್ನಿ ಬಿಡೋದಾದ್ರ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್ ಎರಡೂ ಇಸ್ಕೊಂಡ ಗೇಟ್ ದಾಟ್ರಿ. ಪಿಎಫ್ ಖಾತೆದಾಗ ಬಿಟ್ಟ ತಾರೀಖು ಹಾಕ್ಯಾರೇನು ನೋಡ್ರಿ. ಆ ರೊಕ್ಕ ತಗೊಂಡು ಖರ್ಚು ಮಾಡಬ್ಯಾಡ್ರಿ, ಅದೇ ಯುಎಎನ್ ನಂಬರ್ (ಕಂಪ್ನಿ ಬದ್ಲಾದ್ರೂ ಬದ್ಲಾಗದ ನಿಮ್ಮ ಪಿಎಫ್ ನಂಬರ್) ಕೊಟ್ಟು ಹೊಸ ಕಂಪ್ನಿಗೆ ಟ್ರಾನ್ಸ್‌ಫರ್ ಮಾಡಿಸ್ರಿ. ಪಿಎಫ್ ಪೆನ್ಶನ್ ಸಿಗಾಕ 10 ವರ್ಷ ಸರ್ವಿಸ್ ಬೇಕು, ಮೂರು ಕಂಪ್ನಿ ಸೇರಿ 10 ಆದ್ರೂ ನಡೀತೈತಿ, ಟ್ರಾನ್ಸ್‌ಫರ್ ಆಗಿರ್ಬೇಕಷ್ಟ.