ಕಾರಣ ಬರೆಯುವ ಕಾಲಂ

ನಾವು ಡೆಂಟಲ್ ಕಾಲೇಜಿನಲ್ಲಿ ಓದುವಾಗ ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ, ಅಂದರೆ ಇಡೀ ಸಮುದಾಯದ ಬಾಯಿಯ ಆರೋಗ್ಯ ನೋಡುವ ವಿಭಾಗದ ಮೇಲೆ ಯಾರಿಗೂ ಅಷ್ಟು ಒಲವಿರಲಿಲ್ಲ. ಎಲ್ಲರ ಕಣ್ಣೂ ಸರ್ಜರಿ, ಆರ್ಥೋ (ಹಲ್ಲಿನ ಸಾಲು ನೇರ ಮಾಡುವುದು), ರೂಟ್ ಕೆನಾಲ್ ಕಡೆಗೆ. ಪಬ್ಲಿಕ್ ಹೆಲ್ತ್ ಪೋಸ್ಟಿಂಗ್ ಬಂತೆಂದರೆ ಸ್ವಲ್ಪ ಬಿಡುವು ಸಿಕ್ಕಿತು ಅಂತ ಲೆಕ್ಕ. ನನ್ನ ಪಾಲಿಗೆ ಮಾತ್ರ ಅದು ಬಿಡುವಾಗಲಿಲ್ಲ, ಬದುಕಿನ ಕೆಲಸವಾಯಿತು. ಅದಕ್ಕೆ ಕಾರಣ ನಮಗೆ ಪಾಠ ಮಾಡಿದ ಒಬ್ಬರು ಮೇಡಂ, ಮತ್ತು ಕೇಸ್ ಶೀಟಿನಲ್ಲಿ ಅವರು ಸ್ಕೇಲ್ ಇಟ್ಟು ಎಳೆಸುತ್ತಿದ್ದ ಒಂದು ಕಾಲಂ.

ಅಚ್ಚಾದ ಕೇಸ್ ಶೀಟಿನಲ್ಲಿ ರೋಗಿಯ ತೊಂದರೆ, ಪರೀಕ್ಷೆ, ರೋಗನಿರ್ಣಯ, ಚಿಕಿತ್ಸೆ ಇಷ್ಟು ಇರುತ್ತಿತ್ತು. ಮೇಡಂ ಅದರ ಪಕ್ಕಕ್ಕೆ ಇನ್ನೊಂದು ಗೆರೆ ಎಳೆಸಿ ಮೇಲೆ 'ಕಾರಣ' ಅಂತ ಬರೆಸುತ್ತಿದ್ದರು. ಹಲ್ಲು ತುಂಬಿಸಿ ಮುಗಿದ ಮೇಲೂ ಆ ಕಾಲಂ ಖಾಲಿ ಇದ್ದರೆ ಸಹಿ ಇಲ್ಲ. 'ಸಕ್ಕರೆ' ಅಂತ ಒಂದೇ ಪದ ಬರೆದುಕೊಂಡು ಹೋದರೆ ಹಾಳೆ ವಾಪಸ್ ಬರುತ್ತಿತ್ತು. ಯಾವ ರೂಪದಲ್ಲಿ? ಊಟದ ಜೊತೆಗೋ, ಮಧ್ಯೆಮಧ್ಯೆಯೋ? ದಿನಕ್ಕೆ ಎಷ್ಟು ಸಲ? ಯಾರು ಕೊಡುತ್ತಾರೆ? ಯಾಕೆ ಕೊಡುತ್ತಾರೆ? ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ ಇದೆಯಾ? ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಇದನ್ನೆಲ್ಲ ಕೇಳಬೇಕಾದರೆ ರೋಗಿಯ ಪಕ್ಕ ಕೂತು ಮಾತಾಡಲೇಬೇಕು. ಅವರಿಗೆ ಬೇಕಿದ್ದದ್ದೂ ಅದೇ.

ಒಂದು ಮಗುವಿನ ಕೇಸು ಈಗಲೂ ನನಗೆ ಚೆನ್ನಾಗಿ ನೆನಪಿದೆ. ಸುಮಾರು ಮೂರು ವರ್ಷದ ಹುಡುಗ. ಮೇಲಿನ ಮುಂಭಾಗದ ನಾಲ್ಕೂ ಹಲ್ಲು ವಸಡಿನವರೆಗೆ ಸವೆದು ಕಂದು ಮೊಳೆಗಳಾಗಿದ್ದವು. ಕೆಳಗಿನ ಮುಂಭಾಗದ ಹಲ್ಲುಗಳು ಮಾತ್ರ ಬೆಳ್ಳಗೆ, ಒಂದು ಚುಕ್ಕೆಯೂ ಇಲ್ಲದೆ ನಿಂತಿದ್ದವು. ಹೀಗೇಕೆ ಅಂತ ಮೇಡಂ ನಮ್ಮನ್ನೇ ಕೇಳಿದರು. ಆಮೇಲೆ ಅವರೇ ಬಿಡಿಸಿ ಹೇಳಿದರು. ಮಗು ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದಾಗ ನಾಲಿಗೆ ಕೆಳಗಿನ ಹಲ್ಲುಗಳ ಮೇಲೆ ಚಾಚಿಕೊಂಡು ಅವನ್ನು ಮುಚ್ಚಿರುತ್ತದೆ. ಜೊಲ್ಲು ಸುರಿಸುವ ಗ್ರಂಥಿಗಳ ಬಾಯಿಯೂ ಅಲ್ಲೇ ಹತ್ತಿರ. ಮೇಲಿನ ಹಲ್ಲುಗಳಿಗೆ ಈ ಎರಡು ರಕ್ಷಣೆಯೂ ಇಲ್ಲ. ಸಾಲದ್ದಕ್ಕೆ ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಸಿಹಿ ಹಾಲು ರಾತ್ರಿಯಿಡೀ ಆ ಹಲ್ಲುಗಳ ಸುತ್ತಲೇ ನಿಂತಿರುತ್ತದೆ.

ನಮ್ಮ ಬ್ಯಾಚಿನ ಒಬ್ಬರು ಕಾರಣದ ಕಾಲಂನಲ್ಲಿ 'ತಾಯಿಯ ನಿರ್ಲಕ್ಷ್ಯ' ಅಂತ ಬರೆದರು. ಮೇಡಂ ಅದನ್ನು ಹೊಡೆದು ಹಾಕಿ, ಹೋಗಿ ಮತ್ತೆ ಕೇಳಿಕೊಂಡು ಬನ್ನಿ ಅಂದರು. ಕೇಳಿದಾಗ ಗೊತ್ತಾಯಿತು, ತಾಯಿಗೆ ರಾತ್ರಿ ಪಾಳಿ ಕೆಲಸ. ಮಗುವನ್ನು ಮಲಗಿಸುವುದು ಅಕ್ಕ, ಅವಳೂ ಇನ್ನೂ ಚಿಕ್ಕವಳು. ಮಗು ಅತ್ತರೆ ಅಕ್ಕಪಕ್ಕದವರು ಎದ್ದು ಬೈಯುತ್ತಾರೆ ಅಂತ ಹೆದರಿ ಬಾಟಲಿ ಕೊಟ್ಟು ಮಲಗಿಸುತ್ತಿದ್ದಳು. ಇಷ್ಟನ್ನೂ ಬರೆದ ಮೇಲೇ ಸಹಿ ಬಿತ್ತು. ಆವತ್ತಿನಿಂದ ಇವತ್ತಿನವರೆಗೆ ನನ್ನ ಯಾವ ವರದಿಯಲ್ಲೂ ನಿರ್ಲಕ್ಷ್ಯ ಎಂಬ ಪದ ಕಾರಣವಾಗಿ ಬಂದಿಲ್ಲ.

ಹಲ್ಲು ಹುಳುಕಾಗುವ ಬಗೆಯನ್ನು ಅವರು ಕಲಿಸಿದ ರೀತಿಯೂ ಹಾಗೇ ಇತ್ತು. ಬೋರ್ಡಿನ ಮೇಲೆ ಸ್ಟೀಫನ್ ಕರ್ವ್ ಬಿಡಿಸುತ್ತಿದ್ದರು. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ತೋರಿಸಿಕೊಟ್ಟ ವಿಷಯ ಅದು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾ ಪದರದಲ್ಲಿ, ಅಂದರೆ ಪ್ಲಾಕ್‌ನಲ್ಲಿ ಆಮ್ಲ ಏರುತ್ತದೆ, ಆಮ್ಲ ಏರಿದಷ್ಟೂ ತಗ್ಗುವ ಪಿಎಚ್ ಅಳತೆ ಧಡಕ್ಕನೆ ಇಳಿಯುತ್ತದೆ. ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಖನಿಜ ಕರಗಿ ಹೋಗತೊಡಗುತ್ತದೆ. ಆಮೇಲೆ ಜೊಲ್ಲು ಪಿಎಚ್ ಅನ್ನು ಮೆಲ್ಲಗೆ ಮೇಲಕ್ಕೆತ್ತುತ್ತದೆ. ಅದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಅಷ್ಟರೊಳಗೆ ಇನ್ನೊಂದು ತುತ್ತು ಸಿಹಿ ಬಿದ್ದರೆ ಮತ್ತೆ ಮೊದಲಿಂದ ಶುರು. ಹಾಗಾಗಿ ಒಟ್ಟು ಎಷ್ಟು ತಿಂದರು ಅನ್ನುವಷ್ಟೇ, ಎಷ್ಟು ಸಲ ತಿಂದರು ಅನ್ನುವುದೂ ಮುಖ್ಯ.

ಇದನ್ನು ಮನುಷ್ಯರಲ್ಲಿ ಸಾಬೀತು ಮಾಡಿದ ಅಧ್ಯಯನದ ಬಗ್ಗೆ ಹೇಳುವಾಗ ಮೇಡಂ ದನಿ ಬದಲಾಗುತ್ತಿತ್ತು. ಸ್ವೀಡನ್ನಿನ ಲುಂಡ್ ನಗರದ ಹತ್ತಿರ ವಿಪೆಹೋಮ್ ಎಂಬ ಆಸ್ಪತ್ರೆ. ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಿದ್ದ ಜನರಿಗೆ 1940ರ ದಶಕದಲ್ಲಿ ಊಟದ ನಡುವೆ ಅಂಟು ಟಾಫಿ ಕೊಟ್ಟು ಹಲ್ಲು ಹೇಗೆ ಹಾಳಾಗುತ್ತದೆ ಅಂತ ನೋಡಿದರು. ಅವರ ಒಪ್ಪಿಗೆ ಯಾರೂ ಕೇಳಲಿಲ್ಲ. ಎಷ್ಟೋ ಜನರ ಹಲ್ಲು ಹಾಳಾಯಿತು. ನಾವು ಪರೀಕ್ಷೆಯಲ್ಲಿ ಬರೆಯುವ ಒಂದು ಸಾಲಿನ ಉತ್ತರಕ್ಕೆ ಅವರು ತೆತ್ತ ಬೆಲೆ ಇದು, ಮರೆಯಬೇಡಿ ಅನ್ನುತ್ತಿದ್ದರು. ಇವತ್ತು ನಾನು ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ತುಂಬುವಾಗ ಅದನ್ನು ಬರೀ ಕಾಗದದ ಕೆಲಸ ಅಂತ ಯಾವತ್ತೂ ಅಂದುಕೊಂಡಿಲ್ಲ.

ಕ್ಲಿನಿಕ್ಕಿನಲ್ಲಿ ಇನ್ನೊಂದು ವಿಷಯ ಕಲಿತೆ. ಹಲ್ಲನ್ನು ಚೊಕ್ಕ ಮಾಡಿ, ಗಾಳಿ ಊದಿ ಐದು ಸೆಕೆಂಡು ಒಣಗಿಸಿ ನೋಡಿ ಅನ್ನುತ್ತಿದ್ದರು. ಒದ್ದೆ ಇದ್ದಾಗ ಏನೂ ಕಾಣದ ಕಡೆ, ಒಣಗಿದ ಮೇಲೆ ಸೀಮೆಸುಣ್ಣ ಸವರಿದ ಹಾಗೆ ಒಂದು ಮಂಕು ಬಿಳಿ ಮಚ್ಚೆ ಕಾಣಿಸುತ್ತದೆ, ವಸಡಿನ ಅಂಚಿಗೆ ಸಮಾನಾಂತರವಾಗಿ. ಅದು ಹುಳುಕಿನ ಶುರು. ಅಲ್ಲಿ ಇನ್ನೂ ತೂತಿಲ್ಲ, ಮೇಲ್ಪದರ ಗಟ್ಟಿ ಇದೆ, ಖನಿಜ ವಾಪಸ್ ಬರಬಹುದು. ಎಕ್ಸ್‌ಪ್ಲೋರರ್ ಎಂಬ ಚೂಪು ಮೊನೆಯ ಸಲಕರಣೆಯಿಂದ ಅಲ್ಲಿ ಚುಚ್ಚಿದರೆ ಆ ಮೇಲ್ಪದರ ಒಡೆದು ಹೋಗುತ್ತದೆ, ಸುಮ್ನೆ ಇದ್ದ ಹಲ್ಲಿಗೆ ನಾವೇ ತೂತು ಮಾಡಿದ ಹಾಗೆ. ಮಕ್ಕಳ ಹಲ್ಲು ನೋಡಿ ಲೆಕ್ಕ ಬರೆಯುವ ಸರ್ವೆಗೆ ಹೋಗುವಾಗ ತುದಿಯಲ್ಲಿ ಅರ್ಧ ಮಿಲಿಮೀಟರಿನ ಪುಟ್ಟ ಗುಂಡು ಇರುವ ಕಡ್ಡಿ, ಅಂದರೆ ಪ್ರೋಬ್ ಒಯ್ಯುವುದಕ್ಕೆ ಇದೂ ಒಂದು ಕಾರಣ. ಬಿಳಿ ಮಚ್ಚೆ ಇದ್ದಾಗಲೇ ಫ್ಲೋರೈಡ್ ವಾರ್ನಿಶ್ ಎಂಬ ಲೇಪ ಹಚ್ಚಿ, ಸಿಹಿಯ ಸಲಗಳನ್ನು ತಗ್ಗಿಸಿ, ಎರಡು ಹೊತ್ತು ಹಲ್ಲುಜ್ಜಿಸಿದರೆ ಡ್ರಿಲ್ ಮುಟ್ಟುವ ಅಗತ್ಯವೇ ಬರದಿರಬಹುದು. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ.

ಪಿಜಿ ಮುಗಿಸಿ ಸರ್ವೆ ಕೆಲಸಕ್ಕೆ ಇಳಿದೆ. ಹೊರಗಿನಿಂದ ನೋಡುವವರಿಗೆ ಅದು ಬೇಸರದ ಕೆಲಸ. ಶಾಲೆಯ ಕಿಟಕಿ ಪಕ್ಕ, ಬೆಳಕು ಬೀಳುವ ಕಡೆ ಒಂದು ಕುರ್ಚಿ. ಮಕ್ಕಳು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ನಾನು ಕನ್ನಡಿ ಹಿಡಿದು ಹಲ್ಲು ಹಲ್ಲಾಗಿ ಕೋಡ್ ಹೇಳುತ್ತೇನೆ, ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಾರೆ. "ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಮೂರು..." ಸೊನ್ನೆ ಅಂದರೆ ಚೆನ್ನಾಗಿದೆ, ಒಂದು ಅಂದರೆ ಹುಳುಕು, ಮೂರು ಅಂದರೆ ತುಂಬಿಸಿದ್ದು, ನಾಲ್ಕು ಅಂದರೆ ಹುಳುಕಿನಿಂದ ಕಳೆದುಕೊಂಡದ್ದು. ಮಕ್ಕಳಿಗೆ ಇದೊಂದು ಆಟ. ಸೊನ್ನೆ ಸಿಕ್ಕರೆ ಕಮ್ಮಿ ಮಾರ್ಕ್ಸ್ ಅಂತ ಕೆಲವರ ಮುಖ ಬಾಡುತ್ತದೆ. ಸೊನ್ನೆಯೇ ಎಲ್ಲಕ್ಕಿಂತ ಒಳ್ಳೇದು ಅಂತ ಹೇಳಿದರೆ ಮತ್ತೆ ಅರಳುತ್ತದೆ.

ಇಬ್ಬರು ಪರೀಕ್ಷಕರು ಒಂದೇ ಬಾಯನ್ನು ನೋಡಿ ಬೇರೆಬೇರೆ ಕೋಡ್ ಹೇಳಿದರೆ ಆ ಸರ್ವೆಗೆ ಅರ್ಥವಿಲ್ಲ. ಅದಕ್ಕೇ ಶುರುವಿಗೆ ಮುಂಚೆ ಕ್ಯಾಲಿಬ್ರೇಷನ್ ಅಂತ ಮಾಡುತ್ತೇವೆ. ಒಂದೇ ಮಕ್ಕಳನ್ನು ಎಲ್ಲರೂ ನೋಡಿ, ಎಲ್ಲಿ ಭಿನ್ನಾಭಿಪ್ರಾಯ ಬಂತೋ ಅಲ್ಲಿ ಕೂತು ಚರ್ಚಿಸಿ ಒಂದು ದಾರಿಗೆ ಬರುವುದು. ಸರ್ವೆ ನಡೆಯುವಾಗಲೂ ನೂರರಲ್ಲಿ ಐದರಿಂದ ಹತ್ತು ಮಕ್ಕಳನ್ನು ಮತ್ತೊಮ್ಮೆ ನೋಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ನಾನು ಕೆಲಸ ಮಾಡಿದ ಯಾವ ತಂಡದಲ್ಲೂ ಇದನ್ನು ಬಿಡಲು ಒಪ್ಪಿಲ್ಲ, ಎಷ್ಟೇ ಅವಸರ ಇದ್ದರೂ.

ಸರ್ವೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಆರನೇ ವಯಸ್ಸಿನ ದವಡೆ ಹಲ್ಲು. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹುಟ್ಟುವ ಶಾಶ್ವತ ಹಲ್ಲು ಅದು. ಯಾವುದೂ ಬಿದ್ದಿಲ್ಲ ಅಂದ ಮೇಲೆ ಇದೂ ಹಾಲುಹಲ್ಲೇ ಇರಬೇಕು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಹಾಳಾದರೆ ಬಿದ್ದು ಬೇರೆ ಬರುತ್ತದೆ ಅಂತ ಸುಮ್ಮನಿರುತ್ತಾರೆ. ಬರುವುದಿಲ್ಲ. ಅದರ ಮೇಲಿನ ಆಳದ ಗೆರೆಗಳಲ್ಲಿ ಬ್ರಶ್ಶಿನ ಒಂದು ಎಳೆಯೂ ಇಳಿಯುವುದಿಲ್ಲ, ಹುಳುಕು ಅಲ್ಲೇ ಬೇಗ ಹಿಡಿಯುತ್ತದೆ. ಹಲ್ಲು ಪೂರ್ತಿ ಮೇಲೆ ಬಂದ ಕೂಡಲೇ ಆ ಗೆರೆಗಳನ್ನು ಮುಚ್ಚುವ ಸೀಲೆಂಟ್ ಎಂಬ ತೆಳು ಲೇಪ ಹಾಕಿದರೆ ವರ್ಷಗಟ್ಟಲೆ ಕಾಯುತ್ತದೆ. ಎಷ್ಟೋ ಕಡೆ ನಾವು ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಆರು ವರ್ಷದ ಮಗು ಇದ್ದರೆ ಇವತ್ತೇ ಬಾಯಿ ತೆಗೆಸಿ ಹಿಂದಕ್ಕೆ ನೋಡಿ.

ಹೀಗೆ ಬರೆದುಕೊಂಡ ಕೋಡ್‌ಗಳು ಕೊನೆಗೆ ಒಂದು ಸಂಖ್ಯೆಯಾಗುತ್ತವೆ. ಹುಳುಕಾದ, ಕಳೆದುಕೊಂಡ, ತುಂಬಿಸಿದ ಹಲ್ಲುಗಳನ್ನು ಕೂಡಿಸುವ ಡಿಎಂಎಫ್ ಲೆಕ್ಕ 1938ರಲ್ಲಿ ಕ್ಲೈನ್, ಪಾಮರ್ ಮತ್ತು ನಟ್ಸನ್ ಅಮೆರಿಕದ ಹೇಗರ್ಸ್‌ಟೌನ್ ಶಾಲಾ ಮಕ್ಕಳ ಅಧ್ಯಯನದಲ್ಲಿ ಬಳಸಿದ್ದು. ಇವತ್ತಿಗೂ ಅದೇ ನಡೆಯುತ್ತಿದೆ. ಆದರೆ ಸರಾಸರಿ ಅನ್ನುವುದು ಎಷ್ಟೋ ಮುಚ್ಚಿಡುತ್ತದೆ. ಸರಾಸರಿ ಒಂದು ಅಂದಾಗ ಪ್ರತಿ ಮಗುವಿಗೂ ಒಂದೊಂದು ಹುಳುಕು ಹಲ್ಲು ಅಂತ ಅಲ್ಲ. ಅರ್ಧದಷ್ಟು ಮಕ್ಕಳಿಗೆ ಒಂದೂ ಇಲ್ಲದೆ, ಕೆಲವೇ ಮಕ್ಕಳ ಬಾಯಲ್ಲಿ ಐದಾರು ಇರಬಹುದು. 2000ದಲ್ಲಿ ಸ್ವೀಡನ್ನಿನ ಡಗ್ಲಸ್ ಬ್ರಾಟ್‌ಹಾಲ್ ಇದಕ್ಕೊಂದು ಸರಳ ಉಪಾಯ ಕೊಟ್ಟರು. ಅತಿ ಹೆಚ್ಚು ಹುಳುಕಿರುವ ಮೂರನೇ ಒಂದು ಪಾಲು ಮಕ್ಕಳ ಸರಾಸರಿಯನ್ನು ಬೇರೆಯಾಗಿ ಲೆಕ್ಕ ಹಾಕಿ ತೋರಿಸಿ ಅಂದರು. ನಾನು ಸೇರಿ ಮಾಡಿದ ಸರ್ವೆಗಳಲ್ಲಿ ಈ ಎರಡನೇ ಸಂಖ್ಯೆಯನ್ನು ಮೊದಲ ಪುಟದಲ್ಲೇ ಹಾಕಿಸುತ್ತೇನೆ. ಹಣ ಕೊಡುವವರಿಗೆ ಮೊದಲು ಕಾಣಬೇಕಾದವರು ಆ ಮಕ್ಕಳು, ಅಲ್ವಾ?

ಫ್ಲೋರೈಡ್ ಕಥೆಯನ್ನೂ ಹೇಳದೆ ಬಿಡಲಾರೆ. ಮೇಡಂ ಕ್ಲಾಸಿನಲ್ಲಿ ನನಗೆ ಅತಿ ಇಷ್ಟವಾಗಿದ್ದ ಪಾಠ ಅದು. 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆಲ್ಲ ಕಂದು ಕಲೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಆದರೆ ಆ ಕಲೆಯ ಹಲ್ಲುಗಳು ಸುಲಭವಾಗಿ ಹುಳುಕಾಗುತ್ತಿರಲಿಲ್ಲ. ಕಾರಣ ಹುಡುಕುತ್ತಾ ಅವರು ಮೂವತ್ತು ವರ್ಷ ಕಳೆದರು. ನೀರಿನಲ್ಲಿ ಏನೋ ಇದೆ ಅಂತ ಅವರಿಗೆ ಖಾತ್ರಿಯಾಗಿತ್ತು. ಅದು ಫ್ಲೋರೈಡ್ ಅಂತ 1931ರಲ್ಲಿ ಪತ್ತೆ ಹಚ್ಚಿದ್ದು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್. ಕಲೆಯೂ ಬೀಳದೆ ಹುಳುಕೂ ತಗ್ಗುವ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು ಒಂದು ಭಾಗ ಅಂತ ಟ್ರೆಂಡ್ಲಿ ಡೀನ್ ಎಂಬ ಇನ್ನೊಬ್ಬ ದಂತವೈದ್ಯರು ಊರೂರು ಹೋಲಿಸಿ ಕಂಡುಕೊಂಡರು. 1945ರ ಜನವರಿಯಲ್ಲಿ ಗ್ರ್ಯಾಂಡ್ ರಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಸೇರಿತು. ಹನ್ನೊಂದು ವರ್ಷದ ಮೇಲೆ ನೋಡಿದಾಗ, ಫ್ಲೋರೈಡ್ ಸೇರಿಸಿದ ನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕಿಂತ ಹೆಚ್ಚು ಇಳಿದಿತ್ತು. ಮೆಕೆ ಪ್ರಶ್ನೆ ಕೇಳಿದ್ದು ಹಲ್ಲಿನ ಕಲೆಯ ಬಗ್ಗೆ, ಉತ್ತರ ಸಿಕ್ಕಿದ್ದು ಹುಳುಕಿಗೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿಗೂ ಮೂಳೆಗೂ ತೊಂದರೆ ಅನ್ನುವುದೂ ಇದೇ ಕಥೆಯ ಭಾಗ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಜನ ನಮ್ಮನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಈಗ ನನ್ನ ಕೆಲಸ ಹೆಚ್ಚಾಗಿ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಔಷಧಿಯ ಮೇಲೆ. ಸೂಜಿ ಬೇಡ, ಡ್ರಿಲ್ ಬೇಡ. ಹಲ್ಲು ಒಣಗಿಸಿ ಒಂದು ಹನಿ ಹಚ್ಚಿದರೆ ಎಷ್ಟೋ ಹುಳುಕು ಅಲ್ಲಿಗೇ ನಿಲ್ಲುತ್ತದೆ. ಹಚ್ಚಿದ ಜಾಗ ಕಪ್ಪಾಗುತ್ತದೆ, ಹಾಗಾಗಿ ಮುಂಚೆಯೇ ಫೋಟೋ ತೋರಿಸಿ ತಂದೆ ತಾಯಿಯ ಒಪ್ಪಿಗೆ ಪಡೆಯುತ್ತೇವೆ. ಹಿಂದಿನ ಹಲ್ಲಿಗೆ ಬಹಳ ಜನ ಹ್ಞೂಂ ಅನ್ನುತ್ತಾರೆ, ಮುಂದಿನದಕ್ಕೆ ಯೋಚಿಸುತ್ತಾರೆ. ಯೋಚಿಸಲು ಸಮಯ ಕೊಡುವುದೂ ಚಿಕಿತ್ಸೆಯಲ್ಲಿ ಸೇರಿದ್ದೇ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದಾಗ ನಮ್ಮ ತಂಡದಲ್ಲಿ ಹಬ್ಬದ ಸಂಭ್ರಮ.

ಮರುವರ್ಷ ಅದೇ ಸಂಸ್ಥೆಯ ವರದಿ ಬಂತು. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ ಅಂತ ಅದರಲ್ಲಿತ್ತು. ಶಾಶ್ವತ ಹಲ್ಲಿನ ಹುಳುಕಿಗೆ ಚಿಕಿತ್ಸೆ ಸಿಗದವರು ಸುಮಾರು 200 ಕೋಟಿ, ಹಾಲುಹಲ್ಲು ಹುಳುಕಾಗಿ ಹಾಗೇ ಉಳಿದ ಮಕ್ಕಳು 51 ಕೋಟಿ. ತಡೆಯಬಹುದು ಅಂತ ಗೊತ್ತಿದ್ದೂ ಇಷ್ಟು. ಕುರ್ಚಿಯಲ್ಲಿ ಕೂರಿಸಿ ಒಂದೊಂದೇ ಹಲ್ಲು ತುಂಬಿಸುತ್ತಾ ಹೋದರೆ ಮುಗಿಯುವ ಕೆಲಸ ಇದಲ್ಲ. ಸಕ್ಕರೆಯ ಬೆಲೆ, ಪೇಸ್ಟಿನ ಬೆಲೆ, ಕುಡಿಯುವ ನೀರು, ತಾಯಂದಿರ ಕೆಲಸದ ಹೊತ್ತು ಇವೆಲ್ಲ ನಮ್ಮ ವಿಷಯಗಳೇ. ಮೇಡಂ ಆ ಕಾಲಂನಲ್ಲಿ ನಮ್ಮ ಕೈಲಿ ಬರೆಸುತ್ತಿದ್ದದ್ದೂ ಇವನ್ನೇ.

ಮುಂದಿನ ಸರ್ವೆಗೆ ನಮ್ಮ ಕಾಲೇಜಿನ ಇಂಟರ್ನ್‌ಗಳನ್ನು ಜೊತೆಗೆ ಕರೆದೊಯ್ಯಬೇಕು ಅಂತ ನನ್ನ ಆಸೆ. ಆಸಕ್ತಿ ಇರುವವರು ವಿಭಾಗದಲ್ಲಿ ಹೆಸರು ಕೊಡಿ. ಮೊದಲ ವಾರ ಪ್ರೋಬ್ ಕೈಗೆ ಸಿಗುವುದಿಲ್ಲ, ಪಕ್ಕದಲ್ಲಿ ಕೂತು ಕೋಡ್ ಬರೆದುಕೊಳ್ಳುವ ಕೆಲಸ. ಎರಡನೇ ವಾರ ಕ್ಯಾಲಿಬ್ರೇಷನ್. ಆಮೇಲೆ ಮಕ್ಕಳ ಮನೆಯವರ ಜೊತೆ ಕೂತು ಮಾತಾಡುವುದು, ಅದಕ್ಕೆ ಬೇಕಾದಷ್ಟು ಸಮಯ ಇಟ್ಟುಕೊಂಡೇ ಬನ್ನಿ.